ಹೊಲದ ಮೂಲೆ ಯಾರ ಪಾಲು

ಬೈಬಲ್ಲಿನ ಯಾಜಕಕಾಂಡ ಓದಲು ಕೂತವರಲ್ಲಿ ಹೆಚ್ಚಿನವರು ನಾಲ್ಕೈದು ಅಧ್ಯಾಯಕ್ಕೇ ಸೋತು ಕೀರ್ತನೆಗಳ ಕಡೆ ಹೊರಳುತ್ತಾರೆ. ಬಲಿಪೀಠ, ಕೊಬ್ಬು, ರಕ್ತ, ಶುದ್ಧ, ಅಶುದ್ಧ. ಬೆಟಗೇರಿಯ ಬಿಸಿಲಿನಲ್ಲಿ ಕೂತು ಓದುವವರಿಗೆ ಅದೆಲ್ಲ ಬಹಳ ದೂರದ ಮಾತು. ಆದರೆ 19ನೇ ಅಧ್ಯಾಯಕ್ಕೆ ಬಂದರೆ ಬೈಬಲ್ಲು ಒಮ್ಮೆಲೇ ನಮ್ಮ ಹೊಲಕ್ಕೆ ಇಳಿಯುತ್ತದೆ. ಪೈರು ಕೊಯ್ಯುವಾಗ ಹೊಲದ ಮೂಲೆಗಳನ್ನು ಪೂರಾ ಕೊಯ್ಯಬೇಡಿ, ಹಕ್ಕಲು ಆಯಬೇಡಿ, ತೋಟದಲ್ಲಿ ಉದುರಿದ ದ್ರಾಕ್ಷಿ ಕೂಡಿಸಿಕೊಳ್ಳಬೇಡಿ, ಬಡವರಿಗೂ ಪರದೇಶದವರಿಗೂ ಬಿಡಿ ಎಂದು ದೇವರು ಮೋಶೆಯ ಬಾಯಿಂದ ಹೇಳಿಸುತ್ತಾನೆ. ಯಾಕೆ ಬಿಡಬೇಕು ಎಂಬುದಕ್ಕೆ ಅಲ್ಲಿ ಉದ್ದನೆಯ ವಿವರಣೆ ಇಲ್ಲ. ನಾನು ನಿಮ್ಮ ದೇವರು, ಅಷ್ಟೇ.

ನಾನು ಈ ಭಾಗದವಳಾದ್ದರಿಂದ ಹಕ್ಕಲು ಎಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮಸಾರಿ ಹೊಲದಲ್ಲಿ ಶೇಂಗಾ ಕಿತ್ತು, ಬಣವೆ ಒಟ್ಟಿ, ಬಂಡಿ ಮನೆಗೆ ಹೋದ ಮೇಲೂ ಮಣ್ಣಿನೊಳಗೆ ಕಾಯಿ ಉಳಿದಿರುತ್ತವೆ. ಕುರಪಿ ಹಿಡಿದು, ಸೀರೆಯ ಸೆರಗು ತಲೆ ಮೇಲೆ ಎಳೆದುಕೊಂಡು ಹೆಣ್ಣುಮಕ್ಕಳು ಸಾಲು ಸಾಲಾಗಿ ಕೂತು ಅವನ್ನು ಕೆದರಿ ತೆಗೆಯುತ್ತಾರೆ. ಹತ್ತಿ ಹೊಲದಲ್ಲಿ ಕಡೆಯ ಬಿಡಿಸುವಿಕೆ ಮುಗಿದಾಗ ಗಿಡದಲ್ಲಿ ಅಲ್ಲೊಂದು ಇಲ್ಲೊಂದು ಅರೆಬಿರಿದ ಕಾಯಿ ಇರುತ್ತವೆ. ಜೋಳ ಕೊಯ್ದ ಎರೆ ಹೊಲದಲ್ಲಿ ಮುರಿದು ಬಿದ್ದ ತೆನೆ ಇರುತ್ತವೆ. ಉಳ್ಳಾಗಡ್ಡಿ ಹೊಲದಲ್ಲಿ ಸಣ್ಣ ಗಡ್ಡೆ. ಮಾಲಕನ ಕೆಲಸ ಮುಗಿದ ಹೊಲಕ್ಕೆ ಹಕ್ಕಲಿನವರು ಇಳಿದರೆ ಅಡ್ಡಿ ಮಾಡಬಾರದು ಎಂಬ ರೂಢಿ ನಮ್ಮ ಹಳ್ಳಿಗಳಲ್ಲಿತ್ತು. ಅದನ್ನು ಯಾರೂ ಬರೆದಿಟ್ಟಿರಲಿಲ್ಲ.

ನಮ್ಮ ಅಜ್ಜಿ ಹಕ್ಕಲಿಗೆ ಹೋದವಳು. ಮನೆಯಲ್ಲಿ ಮಗ್ಗ ಇತ್ತು. ಆದರೆ ನೂಲಿನ ದರ ಏರಿದಾಗ, ಸೀರೆ ಹೋಗದೆ ಉಳಿದಾಗ ಮಗ್ಗ ಸುಮ್ಮನಾಗುತ್ತಿತ್ತು. ಆಗ ಅವಳು ಓಣಿಯ ಹೆಂಗಸರ ಜೊತೆ ನಸುಕಿನಲ್ಲೇ ಎದ್ದು ಊರ ಹೊರಗಿನ ಹೊಲಗಳಿಗೆ ಹೋಗುತ್ತಿದ್ದಳು. ದೊಡ್ಡವಳಾದ ಮೇಲೆ ಒಮ್ಮೆ ಕೇಳಿದೆ, ಮಂದಿ ಹೊಲದಾಗ ಆಯಾಕ ಮುಜುಗರ ಆಗ್ತಿರಲಿಲ್ಲೇನು ಅಂತ. ಅವಳು ಕೊಟ್ಟ ಉತ್ತರ ಇದು: "ಮುಜುಗರ ಯಾಕವ್ವಾ? ಹಕ್ಕಲಕ್ಕ ಹೋಗೂದಂದ್ರ ಬೇಡೂದಲ್ಲ, ದುಡಿಯೂದು. ಬೇಡಿದ್ರ ಕೊಡಾವ್ನ ಮಾರಿ ನೋಡಬೇಕಾಗತೈತಿ. ಹಕ್ಕಲದಾಗ ಮಣ್ಣಿನ ಮಾರಿ ನೋಡಿದ್ರ ಸಾಕು."

ಯಾಜಕಕಾಂಡದ ಆ ಎರಡು ವಚನಗಳಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಈವರೆಗೆ ಚರ್ಚಿನ ಯಾವ ಪ್ರಸಂಗದಲ್ಲೂ ಕೇಳಿಲ್ಲ. ಕೊಯ್ದು, ಒಕ್ಕಿ, ಚೀಲ ತುಂಬಿ, ಆಮೇಲೆ ಬಡವರನ್ನು ಬಾಗಿಲಿಗೆ ಕರೆದು ಒಂದು ಬೊಗಸೆ ಹಾಕಿ ಎಂದು ದೇವರು ಹೇಳಬಹುದಾಗಿತ್ತು. ಹಾಗೆ ಹೇಳಲಿಲ್ಲ. ಬೆಳೆ ನಿಂತಿರುವಾಗಲೇ ಒಂದು ಭಾಗದಿಂದ ಕೈ ಹಿಂತೆಗೆಯಿರಿ ಎಂದ. ಅದನ್ನು ತೆಗೆದುಕೊಳ್ಳುವವಳು ತನ್ನ ಸಮಯಕ್ಕೆ ಬಂದು, ತನ್ನ ಕೈಯಿಂದ ಕೊಯ್ದು, ತನ್ನ ತಲೆಯ ಮೇಲೆ ಹೊತ್ತುಕೊಂಡು ಹೋಗುತ್ತಾಳೆ. ಯಾರ ಮುಂದೆಯೂ ಕೈ ಚಾಚಿ ನಿಲ್ಲಬೇಕಾಗಿಲ್ಲ. ನಮ್ಮ ಕಣಗಳಲ್ಲಿ ಆಯ ಎಂದು ಕಾಳಿನ ಪಾಲು ಕೊಡುವ ಪದ್ಧತಿಯೂ ಇತ್ತು, ನಿಜ. ಆದರೆ ಅಲ್ಲಿ ಯಾರು ಎಷ್ಟು ದೂರ ನಿಲ್ಲಬೇಕು, ಯಾರ ಸೆರಗಿಗೆ ಎಷ್ಟು ಎತ್ತರದಿಂದ ಕಾಳು ಬೀಳಬೇಕು ಎಂಬುದನ್ನೂ ಜಾತಿಯೇ ನಿರ್ಧರಿಸುತ್ತಿತ್ತು. ಹಳೆಯದೆಲ್ಲ ಚಂದ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಹೊಲದ ಮೂಲೆಯ ಆಜ್ಞೆ ಆ ಅಳತೆಗಳನ್ನೆಲ್ಲ ದಾಟಿ ನಿಲ್ಲುತ್ತದೆ.

ಎಷ್ಟು ಬಿಡಬೇಕೆಂದು ಬೈಬಲ್ಲು ಹೇಳುವುದಿಲ್ಲ. ಯೆಹೂದ್ಯರ ಗುರುಗಳು ಮುಂದೆ ಕುಳಿತು ಚರ್ಚಿಸಿ ಅರವತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಆಗಬಾರದು ಎಂದು ಮಿಷ್ನಾ ಎಂಬ ತಮ್ಮ ಧರ್ಮನಿಯಮಗಳ ಸಂಗ್ರಹದಲ್ಲಿ ಗೊತ್ತುಮಾಡಿದರು. ಮೋಶೆಯ ಧರ್ಮಶಾಸ್ತ್ರದಲ್ಲಂತೂ ಲೆಕ್ಕವಿಲ್ಲ. ಧರ್ಮೋಪದೇಶಕಾಂಡ 24ನೇ ಅಧ್ಯಾಯ ಇನ್ನೂ ಮುಂದೆ ಹೋಗುತ್ತದೆ. ಹೊಲದಲ್ಲಿ ಒಂದು ಸಿವುಡು ಮರೆತು ಬಂದೆಯಾ, ತಿರುಗಿ ಹೋಗಬೇಡ. ಎಣ್ಣೆಮರವನ್ನು ಒಮ್ಮೆ ಬಡಿದೆಯಾ, ಉಳಿದದ್ದಕ್ಕೆ ಎರಡನೇ ಸಲ ಬಡಿಯಬೇಡ. ಮರೆವಿನಲ್ಲೂ ಬಡವರಿಗೆ ಪಾಲು ಇಟ್ಟ ಕಾನೂನು ಬೇರೆಲ್ಲಾದರೂ ಇದೆಯೋ ಏನೋ. ನೀನೂ ಐಗುಪ್ತದಲ್ಲಿ ದಾಸನಾಗಿದ್ದೆ, ನೆನಪಿರಲಿ ಎಂದು ಅಲ್ಲಿ ಕಾರಣವನ್ನೂ ಕೊಡಲಾಗಿದೆ. ಹಕ್ಕಲು ಆಯ್ದವಳ ಮೊಮ್ಮಗಳಾಗಿ ನಾನು ಆ ಸಾಲನ್ನು ಓದುವಾಗ ಅದು ನನ್ನ ಹೆಸರು ಹಿಡಿದೇ ಕರೆಯುತ್ತದೆ.

ಈ ಆಜ್ಞೆ ಕಾಗದದ ಮೇಲೆ ಉಳಿಯದೆ ಒಂದು ಹೊಲದಲ್ಲಿ ನಡೆದದ್ದನ್ನು ನೋಡಬೇಕಾದರೆ ರೂತಳ ಪುಸ್ತಕದ ಎರಡನೇ ಅಧ್ಯಾಯವನ್ನು ಓದಬೇಕು. ಗಂಡ ತೀರಿಹೋದ ರೂತಳು, ಮೋವಾಬ್ ಎಂಬ ಪರದೇಶದ ಹೆಣ್ಣುಮಗಳು, ಅತ್ತೆ ನೊವೊಮಿಯ ಕೈ ಬಿಡದೆ ಬೇತ್ಲೆಹೇಮಿಗೆ ಬಂದಿದ್ದಾಳೆ. ಜವೆಗೋದಿಯ ಸುಗ್ಗಿ. ಅವಳು ತಾನಾಗಿಯೇ ಹಕ್ಕಲಿಗೆ ಹೊರಡುತ್ತಾಳೆ. ಅದು ಬೋವಜನ ಹೊಲ. ಅವನು ಊರಿಂದ ಬಂದವನೇ ಮೊದಲು ಆಳುಗಳಿಗೆ ಆಶೀರ್ವಾದದ ಮಾತು ಹೇಳುತ್ತಾನೆ, ಆಳುಗಳು ಅವನಿಗೆ ಮರಳಿ ಹೇಳುತ್ತಾರೆ. ನಮ್ಮ ಕಡೆ ಧಣಿ ಹೊಲಕ್ಕೆ ಬಂದರೆ ಮೊದಲು ಯಾರು ಯಾರಿಗೆ ಕೈ ಮುಗಿಯುತ್ತಾರೆ ಎಂದು ಬಲ್ಲವರು ಈ ವಚನವನ್ನು ಸುಮ್ಮನೆ ದಾಟಿ ಹೋಗಲಾರರು.

ಆಮೇಲೆ ಬೋವಜ ಮಾಡುವ ಕೆಲಸಗಳನ್ನು ಒಂದೊಂದಾಗಿ ನೋಡಿ. ಬೇರೆ ಹೊಲಕ್ಕೆ ಹೋಗಬೇಡ, ನನ್ನ ಹೆಣ್ಣಾಳುಗಳ ಹಿಂದೆಯೇ ಇರು ಎಂದು ರೂತಳಿಗೆ ಹೇಳುತ್ತಾನೆ. ಇವಳನ್ನು ಮುಟ್ಟಬಾರದು ಎಂದು ಗಂಡಾಳುಗಳಿಗೆ ಕಟ್ಟಪ್ಪಣೆ ಮಾಡುತ್ತಾನೆ. ಬಾಯಾರಿದರೆ ಆಳುಗಳು ತುಂಬಿಟ್ಟ ನೀರು ಕುಡಿ ಎನ್ನುತ್ತಾನೆ. ಊಟದ ಹೊತ್ತಿಗೆ ಹತ್ತಿರ ಕರೆದು ರೊಟ್ಟಿ ಕೊಟ್ಟು ಹುಳಿರಸದಲ್ಲಿ ಅದ್ದಿಕೋ ಎನ್ನುತ್ತಾನೆ, ಹುರಿಗಾಳು ಕೊಡುತ್ತಾನೆ. ಅವಳು ತಿಂದು, ತೃಪ್ತಿಯಾಗಿ, ಉಳಿಸಿಕೊಳ್ಳುತ್ತಾಳೆ. ಅವಳು ಎದ್ದು ಹೋದ ಮೇಲೆ ಆಳುಗಳಿಗೆ ಇನ್ನೊಂದು ಮಾತು: ಸಿವುಡುಗಳಿಂದಲೇ ಕೆಲವು ತೆನೆ ಬೇಕೆಂದೇ ಎಳೆದು ಬಿಡಿ, ಗದರಿಸಬೇಡಿ. ಅದು ಅವಳ ಕಿವಿಗೆ ಬೀಳದ ಹಾಗೆ ಆಡಿದ ಮಾತು. ಅವಳಿಗೆ ತಾನು ಆಯ್ದದ್ದೆಲ್ಲ ತನ್ನ ದುಡಿಮೆಯೇ. ಸಂಜೆ ಬಡಿದು ತೂರಿದಾಗ ಒಂದು ಏಫದಷ್ಟು ಜವೆಗೋದಿ. ಏಫ ಎಂದರೆ ಸುಮಾರು 22 ಲೀಟರಿನ ಅಳತೆ. ಒಂದು ದಿನದ ಹಕ್ಕಲಿಗೆ ಅಷ್ಟು ಕಾಳು ಕಂಡರೆ ಯಾವ ಅತ್ತೆಯಾದರೂ ಕೇಳಬೇಕಾದ ಪ್ರಶ್ನೆಯನ್ನೇ ನೊವೊಮಿ ಕೇಳುತ್ತಾಳೆ: ಇವತ್ತು ಎಲ್ಲಿ ಆಯ್ದೆ?

ಹಿಂಗಾರಿಯ ಜೋಳ ಹಾಲುಗಾಳು ಆದಾಗ ಹೊಲದಲ್ಲಿ ಕುಳ್ಳಿನ ಬೆಂಕಿ ಮಾಡಿ ಸೀತನಿ ಸುಟ್ಟು, ಉಜ್ಜಿ, ಶೇಂಗಾ ಚಟ್ನಿಯ ಜೊತೆ ತಿನ್ನುವ ನಮಗೆ ಆ ಹುರಿಗಾಳಿನ ವಾಸನೆಯೂ ಗೊತ್ತು. ಸೀತನಿಗೆ ಕರೆದರೆ ಗೆಳೆಯರನ್ನು ಕರೆಯುತ್ತೇವೆ, ಬೀಗರನ್ನು ಕರೆಯುತ್ತೇವೆ, ಆಫೀಸಿನವರನ್ನು ಕರೆಯುತ್ತೇವೆ. ಬದುವಿನ ಮೇಲೆ ಹಕ್ಕಲಿನ ಬುಟ್ಟಿ ಹಿಡಿದು ಕೂತವಳನ್ನು ಕರೆದು ಅದೇ ಚಾಪೆಯ ಮೇಲೆ ಕೂರಿಸಿದ್ದನ್ನು ನಾನು ಕಂಡದ್ದು ಕಡಿಮೆ.

ಮುಟ್ಟಬಾರದು ಎಂಬ ಆ ಅಪ್ಪಣೆಯ ಬಗ್ಗೆ ಇನ್ನಷ್ಟು ಹೇಳಬೇಕು. ಪ್ರಸಂಗಗಳಲ್ಲಿ ಬೋವಜನ ಔದಾರ್ಯ ಬರುತ್ತದೆ, ರೂತಳ ನಿಷ್ಠೆ ಬರುತ್ತದೆ, ಈ ಮಾತು ಬರುವುದಿಲ್ಲ. ಒಂಟಿ ಹೆಣ್ಣುಮಗಳು ಮಂದಿಯ ಹೊಲದಲ್ಲಿ ಬಗ್ಗಿ ನಿಂತಾಗ ಅವಳ ಮೈಗೆ ಏನು ಭಯ ಇರುತ್ತದೆ ಎಂದು ಪವಿತ್ರ ಗ್ರಂಥಕ್ಕೆ ಗೊತ್ತಿದೆ. ನೊವೊಮಿಗೂ ಗೊತ್ತಿದೆ. ಬೇರೆ ಹೊಲಕ್ಕೆ ಹೋದರೆ ಕೇಡಾದೀತು ಎಂದು ಅವಳೂ ಸಂಜೆ ಹೇಳುತ್ತಾಳೆ. ನಮ್ಮ ಅಜ್ಜಿಯೂ ಒಬ್ಬಳೇ ಎಂದೂ ಹೋದವಳಲ್ಲ. ಐದಾರು ಜನ ಕೂಡಿಯೇ ಹೋಗುವುದು, ಕೂಡಿಯೇ ಬರುವುದು, ನಡುವೆ ಯಾರಾದರೂ ನೀರಿಗೆ ಹೋದರೆ ಇನ್ನೊಬ್ಬಳು ಜೊತೆಗೆ. ಕಾಳು ಬಿಡುವುದು ಆಜ್ಞೆಯ ಅರ್ಧ ಮಾತ್ರ. ಆಯಲು ಬಂದವಳು ನಿರ್ಭಯವಾಗಿ ಆಯ್ದು ಮನೆ ಮುಟ್ಟುವ ಹಾಗೆ ನೋಡಿಕೊಳ್ಳುವುದು ಉಳಿದರ್ಧ. ಗಾರ್ಮೆಂಟ್ಸಿಗೆ, ಬ್ಯಾಡಗಿಯ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ, ಹುಬ್ಬಳ್ಳಿಯ ಮನೆಗೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಬಗ್ಗೆ ನಮ್ಮ ಸಭೆಗಳು ಪ್ರಾರ್ಥಿಸುವಾಗ ಈ ಉಳಿದರ್ಧ ನೆನಪಾಗಬೇಕು.

ನಾನು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಕಾಲದಿಂದಲೂ ರೂತಳ ಪಕ್ಕದಲ್ಲಿ ಇನ್ನೊಬ್ಬಳು ನನ್ನ ಮನಸ್ಸಿನಲ್ಲಿ ನಿಂತಿದ್ದಾಳೆ, 12ನೇ ಶತಮಾನದ ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು, ಅದರಿಂದ ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಆಯ್ದು ತಂದಾಗ ಲಕ್ಕಮ್ಮ "ಈಸಕ್ಕಿಯಾಸೆ ನಿಮಗೇಕೆ" ಎಂದು ಕೇಳಿ ಮರಳಿ ಸುರಿದು ಬರಲು ಹೇಳಿದಳು. ಅವಳ ದೇವರು ಅಮರೇಶ್ವರ, ಅವಳ ದಾರಿ ಶರಣರ ದಾರಿ. ನನ್ನ ವಿಶ್ವಾಸವನ್ನು ಅವಳ ಬಾಯಲ್ಲಿ ಇಡುವ ಹಕ್ಕು ನನಗಿಲ್ಲ. ಆದರೆ ವಿಮೋಚನಕಾಂಡದ 16ನೇ ಅಧ್ಯಾಯ ಓದುವಾಗಲೆಲ್ಲ ಅವಳ ದನಿ ಕೇಳುತ್ತದೆ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರ, ಮನ್ನ, ಬಿದ್ದಾಗ ಕೆಲವರು ಹೆಚ್ಚು ಕೂಡಿಸಿದರು, ಕೆಲವರು ಕಡಿಮೆ. ಓಮೆರಿನಿಂದ ಅಳೆದು ನೋಡಿದರೆ ಹೆಚ್ಚು ಕೂಡಿಸಿದವನಿಗೆ ಮಿಕ್ಕಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ನಾಳೆಗೆ ಎಂದು ಬಚ್ಚಿಟ್ಟದ್ದು ಹುಳ ಬಿದ್ದು ನಾತ ಹೊಡೆಯಿತು. ಪೌಲನು ಕೊರಿಂಥದ ಸಭೆಗೆ ಬರೆದ ಎರಡನೇ ಪತ್ರದಲ್ಲಿ ಬಡ ವಿಶ್ವಾಸಿಗಳಿಗಾಗಿ ಹಣ ಕೂಡಿಸುವ ಮಾತು ಬಂದಾಗ ಈ ಮನ್ನದ ವಚನವನ್ನೇ ಎತ್ತಿ ಹೇಳುತ್ತಾನೆ. ನಮ್ಮ ಅನುದಿನದ ಆಹಾರವನ್ನು ಈಹೊತ್ತು ನಮಗೆ ದಯಪಾಲಿಸು ಎಂದು ನಾವು ದಿನವೂ ಬೇಡುತ್ತೇವಲ್ಲ, ಆ ಬೇಡಿಕೆಯಲ್ಲಿ "ನನಗೆ" ಎಂಬುದಿಲ್ಲ, ಹತ್ತು ವರ್ಷಕ್ಕಾಗುವಷ್ಟು ಎಂಬುದೂ ಇಲ್ಲ.

ಹೊಲವೇ ಇಲ್ಲದವರು ಯಾವ ಮೂಲೆ ಬಿಡಬೇಕು? ನಮ್ಮ ಸಭೆಯಲ್ಲಿ ಹೆಚ್ಚಿನವರು ಶಾಲೆ, ದವಾಖಾನೆ, ರೈಲ್ವೆ, ಬ್ಯಾಂಕು ಎಂದು ಪಗಾರದ ಮೇಲೆ ಬದುಕುವವರು. ಇದಕ್ಕೆ ಉತ್ತರ ಮತ್ತಾಯ 20ರಲ್ಲಿದೆ ಎಂದು ನನಗೆ ಕಾಣುತ್ತದೆ. ಹುಬ್ಬಳ್ಳಿಯಲ್ಲಾಗಲಿ ಗದಗಿನಲ್ಲಾಗಲಿ ಮುಂಜಾನೆ ನಾಕಾಗಳಲ್ಲಿ ಬುತ್ತಿ ಚೀಲ, ಸಲಿಕಿ, ಬುಟ್ಟಿ ಹಿಡಿದು ನಿಂತವರನ್ನು ನೋಡದವರು ಯಾರು? ಗೌಂಡಿ ಬೈಕ್ ನಿಲ್ಲಿಸಿದ ಕೂಡಲೇ ಹತ್ತು ಜನ ಮುತ್ತುತ್ತಾರೆ, ಇಬ್ಬರು ಹೋಗುತ್ತಾರೆ. ಯೇಸು ಹೇಳಿದ ಸಾಮ್ಯದಲ್ಲಿ, ಅಂದರೆ ದೃಷ್ಟಾಂತದ ಕಥೆಯಲ್ಲಿ, ಯಜಮಾನನು ನಸುಕಿನಲ್ಲಿ, ಒಂಬತ್ತಕ್ಕೆ, ಮಧ್ಯಾಹ್ನಕ್ಕೆ, ಮೂರಕ್ಕೆ, ಕಡೆಗೆ ಸಂಜೆ ಐದಕ್ಕೂ ಪೇಟೆಗೆ ಹೋಗಿ ಆಳುಗಳನ್ನು ಕರೆತರುತ್ತಾನೆ. ಹೊತ್ತು ಮುಳುಗಿದಾಗ ಎಲ್ಲರಿಗೂ ಇಡೀ ದಿನದ ಕೂಲಿ. ಬೆಳಗಿನಿಂದ ಬಿಸಿಲು ತಿಂದವರು ಗೊಣಗುತ್ತಾರೆ.

ಹೆಣ್ಣುಮಕ್ಕಳ ಪ್ರಾರ್ಥನಾ ಕೂಟದಲ್ಲಿ ಈ ಭಾಗ ಓದಿದಾಗ ನಮ್ಮಲ್ಲಿ ಬಹಳ ಜನ ಗೊಣಗಿದವರ ಪರವಾಗಿಯೇ ಮಾತಾಡಿದರು. ಒಬ್ಬರು ಶಿಕ್ಷಕಿ, ಹೀಗೆ ಮಾಡಿದರೆ ಮರುದಿನ ಬೆಳಗ್ಗೆ ಯಾರು ಬರ್ತಾರೆ ಎಂದರು. ಅದು ತಪ್ಪಿನ ಪ್ರಶ್ನೆಯೇನಲ್ಲ. ಹಿಂದೆ ಗೋಡೆಗೆ ಒರಗಿ ಕೂತಿದ್ದ ಒಬ್ಬ ಅಕ್ಕ, ತಾನೇ ಕಟ್ಟಡದ ಕೆಲಸಕ್ಕೆ ಹೋಗುವವಳು, ಅಲ್ಲಿಯವರೆಗೆ ಸುಮ್ಮನಿದ್ದವಳು ಕೇಳಿದಳು: "ಐದ ಗಂಟೆತನಾ ನಿಂತಾವ್ರ ಹೊಟ್ಟಿ ಅರ್ಧಾನ ಹಸಿತೈತೇನ್ರಿ ಅಕ್ಕಾರ?" ಯಾರೂ ಮಾತಾಡಲಿಲ್ಲ. ಅವಳೇ ಮುಂದುವರಿಸಿದಳು. "ದಗದಾ ಮಾಡಿದ ದಿನ ಮೈ ನೋಯತೈತಿ. ದಗದಾ ಸಿಗಲಾರದ ದಿನ ನಿಂತ ನಿಂತ ಕಾಲೂ ನೋಯತಾವ, ಮನಿಗೆ ಹೋಗಾಕ ಮನಸೂ ಆಗೂದಿಲ್ಲ. ಕಡೀತನಾ ಉಳಿಯಾವ್ರು ಯಾರಂತ ನೋಡ್ರಿ. ಮುದುಕ್ರು, ಬ್ಯಾನಿ ಇದ್ದಾವ್ರು, ಕೂಸಿನ ಕರಕೊಂಡ ಬಂದಾಕಿ."

ಆ ದಿನ ನಾನು ಮತ್ತೆ ಆ ಸಾಮ್ಯವನ್ನು ಮೊದಲಿನಿಂದ ಓದಿದೆ. ಯಾಕೆ ದಿನವೆಲ್ಲ ಸುಮ್ಮನೆ ನಿಂತಿದ್ದೀರಿ ಎಂದು ಯಜಮಾನ ಕೇಳಿದಾಗ ಅವರ ಉತ್ತರ ಒಂದೇ: ಯಾರೂ ನಮ್ಮನ್ನು ಕೂಲಿಗೆ ಕರೆಯಲಿಲ್ಲ. ಅವರನ್ನು ಸೋಮಾರಿಗಳೆಂದು ಕರೆದವರು ನಾವು, ಯೇಸು ಕರೆದಿಲ್ಲ. ಒಂದು ದಿನದ ಕೂಲಿ ಎಂದರೆ ಒಂದು ದಿನದ ರೊಟ್ಟಿ. ಅರ್ಧ ಕೂಲಿ ಕೊಟ್ಟರೆ ಯಜಮಾನನ ಲೆಕ್ಕ ಸರಿಯಾಗುತ್ತಿತ್ತು, ಮನೆಯಲ್ಲಿ ಮಕ್ಕಳು ಮಾತ್ರ ಅರೆಹೊಟ್ಟೆ ಮಲಗುತ್ತಿದ್ದರು. ಆ ಯಜಮಾನನೂ ತನ್ನ ಲಾಭದ ಮೂಲೆಯನ್ನು ಕೊಯ್ಯದೆ ಬಿಟ್ಟವನೇ.

ಕೂಲಿಯ ಬಗ್ಗೆ ಧರ್ಮಶಾಸ್ತ್ರ ಬಹಳ ಕಟ್ಟುನಿಟ್ಟು. ಕೂಲಿಯವನ ಹಣ ರಾತ್ರಿ ನಿನ್ನ ಮನೆಯಲ್ಲಿ ಉಳಿಯಬಾರದು ಎಂದು ಯಾಜಕಕಾಂಡದ ಅದೇ 19ನೇ ಅಧ್ಯಾಯ ಹೇಳುತ್ತದೆ. ಹೊತ್ತು ಮುಳುಗುವ ಮೊದಲು ಕೊಡು, ಅವನು ಬಡವ, ಅದರ ಮೇಲೆಯೇ ಜೀವ ಇಟ್ಟುಕೊಂಡಿದ್ದಾನೆ ಎಂದು ಧರ್ಮೋಪದೇಶಕಾಂಡ. ತಡೆಹಿಡಿದ ಕೂಲಿ ತಾನೇ ಕೂಗಿಕೊಳ್ಳುತ್ತದೆ ಎಂದು ಯಾಕೋಬನ ಪತ್ರ. ಶನಿವಾರದ ಬಟವಾಡೆಯನ್ನು ಚಿಲ್ಲರೆ ಇಲ್ಲ ಎಂದು ಸೋಮವಾರಕ್ಕೆ ದೂಡುವುದು, ಮನೆಗೆಲಸದವಳು ಜ್ವರ ಬಂದು ಎರಡು ದಿನ ಬರದಿದ್ದರೆ ಪಗಾರ ಹಿಡಿಯುವುದು, ಮೆಂತ್ಯೆಪಲ್ಲೆ ಮಾರುವ ಅಜ್ಜಿಯ ಹತ್ತಿರ ಒಂದು ಸಿವುಡು ಹೆಚ್ಚಿಗೆ ಕಿತ್ತುಕೊಳ್ಳುವುದು, ಇವೆಲ್ಲ ಎಣ್ಣೆಮರವನ್ನು ಎರಡನೇ ಸಲ ಬಡಿಯುವುದೇ. ಮಾಲ್‌ನಲ್ಲಿ ಚೀಟಿಯ ಮೇಲಿನ ದರ ಕೊಟ್ಟು ಬಂದು ಬೀದಿಯಲ್ಲಿ ಚೌಕಾಸಿಗೆ ನಿಲ್ಲುವುದನ್ನು ಜಾಣತನ ಎಂದು ಮಕ್ಕಳಿಗೆ ಕಲಿಸುವುದು ನಿಲ್ಲಬೇಕು.

ಈ ಸಾಮ್ಯದಲ್ಲಿ ನನ್ನಂಥವರಿಗೆ ಇನ್ನೊಂದು ಪೆಟ್ಟಿದೆ. ಅದಕ್ಕೆ ಮೊದಲು ಶಿಷ್ಯ ಪೇತ್ರ ಯೇಸುವಿಗೆ ಒಂದು ಪ್ರಶ್ನೆ ಕೇಳಿರುತ್ತಾನೆ: ನಾವು ಎಲ್ಲವನ್ನೂ ಬಿಟ್ಟು ನಿನ್ನ ಹಿಂದೆ ಬಂದೆವಲ್ಲ, ನಮಗೆ ಏನು ದೊರಕುವುದು? ಸ್ವಿಟ್ಜರ್‌ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ನಮ್ಮದು ಅಲ್ಲಿಂದ ನಡೆದು ಬಂದ ಮನೆತನ ಎಂದು ಹೇಳಿಕೊಳ್ಳುವುದರಲ್ಲಿ ಹಳೆಯ ಕುಟುಂಬಗಳಿಗೆ ಒಂದು ಸುಖವಿದೆ. ನಿನ್ನೆ ಮೊನ್ನೆ ಯಾವುದೋ ಹಳ್ಳಿಯಿಂದ ವಿಶ್ವಾಸಕ್ಕೆ ಬಂದು, ಕೀರ್ತನೆಯ ರಾಗ ಇನ್ನೂ ಸರಿಯಾಗಿ ಹಿಡಿಯದವರನ್ನು ಹಿಂದಿನ ಬೆಂಚಿನಲ್ಲಿ ಕಂಡಾಗ ನಮ್ಮ ಮುಖದಲ್ಲಿ ಏನು ಮೂಡುತ್ತದೆ ಎಂದು ನಾವೇ ನೋಡಿಕೊಳ್ಳಬೇಕು. ಸಾಮ್ಯದ ಯಜಮಾನ ಕಡೆಗೆ ಬಂದವರಿಂದಲೇ ಬಟವಾಡೆ ಶುರು ಮಾಡಿಸುತ್ತಾನೆ. ಮೊದಲು ಬಂದವರಿಗೆ ಮೊದಲೇ ಕೊಟ್ಟು ಕಳಿಸಿದ್ದರೆ ಜಗಳವೇ ಇರುತ್ತಿರಲಿಲ್ಲ. ಅವರು ನಿಂತು ನೋಡಲಿ ಎಂದೇ ಹಾಗೆ ಮಾಡಿದ. ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಯೇಸುವಿನ ವಂಶಾವಳಿ ಇದೆ. ದಾವೀದನ ಮುತ್ತಜ್ಜಿಯಾಗಿ ಅಲ್ಲಿ ನಿಂತಿರುವವಳು ಹಕ್ಕಲು ಆಯ್ದ ಪರದೇಶದ ರೂತಳು.

ಸುಗ್ಗಿ ಹಬ್ಬದ ದಿನ ನಮ್ಮ ದೇವಾಲಯದ ವೇದಿಕೆ ತುಂಬ ಜೋಳದ ತೆನೆ, ಕುಂಬಳಕಾಯಿ, ಬದನೆ, ತೆಂಗಿನಕಾಯಿ, ಮನೆಯಲ್ಲಿ ಮಾಡಿದ ಕರ್ಚಿಕಾಯಿ. ಆರಾಧನೆಯ ನಂತರ ಲಿಲಾವು. ಒಂದು ಕುಂಬಳಕಾಯಿಗೆ ಪೈಪೋಟಿಯಲ್ಲಿ ಕೂಗಿ ಕೂಗಿ ಬೆಲೆ ಏರಿಸುವುದು ಎಲ್ಲರಿಗೂ ಖುಷಿ, ನನಗೂ. ಆದರೆ ಯಾಜಕಕಾಂಡ 23ರಲ್ಲಿ ಹಬ್ಬಗಳ ಪಟ್ಟಿ ನಡೆದಿರುವಾಗ, ಸುಗ್ಗಿಯ ಹಬ್ಬ ಮುಗಿದ ಕೂಡಲೇ, ಹೊಲದ ಮೂಲೆಯ ಆಜ್ಞೆ ಮತ್ತೊಮ್ಮೆ ಬರುತ್ತದೆ. ಹಬ್ಬದ ಕಾಣಿಕೆಗಳ ಪಕ್ಕದಲ್ಲೇ ಅದನ್ನು ಇಟ್ಟದ್ದು ಸುಮ್ಮನೆ ಅಲ್ಲ. ಪ್ರಥಮ ಫಲ ವೇದಿಕೆಗೆ ಬರಲಿ, ಕಡೆಯ ಫಲ ಹೊಲದಲ್ಲಿ ಉಳಿಯಲಿ. ನಾವು ಮೊದಲನೆಯದನ್ನು ಉಳಿಸಿಕೊಂಡು ಬಂದಿದ್ದೇವೆ.

ಹೀಗೆಂದು ಸಭೆಯ ಹಿರಿಯರೊಬ್ಬರ ಮುಂದೆ ಹೇಳಿದೆ. ಅವರಿಗೆ ನರಗುಂದದ ಕಡೆ ಕಡಲೆ ಬೆಳೆಯುವ ಎರೆ ಹೊಲವಿದೆ. ಅವರು ನಕ್ಕರು. "ಈಗ ಮಷಿನ್ ಬಂದಾವಲ್ಲ ಟೀಚರ್. ಮಷಿನ್ ತಿರುಗಾಕ ಜಾಗಾ ಬೇಕಂತ ನಾಕೂ ಮೂಲಿ ಮೊದಲ ಕೈಲೆ ಕೊಯಿಸಿ ಇಡತೇವಿ. ನೀವ ಬಿಡು ಅನ್ನೂ ಮೂಲೀನ ಎಲ್ಲಾಕ್ಕಿಂತ ಮೊದಲ ಹೋಗತೈತಿ." ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ಕೊಯ್ದಿದ್ದು ಬದುವಿನ ಮ್ಯಾಲ ಒಟ್ಟಿ ಇಟ್ಟಿರತೇವಿ. ಅದನ್ನ ಮಷಿನ್‌ಗೆ ಹಾಕಲಾರದ ಬಿಟ್ರ ನಡೀತೈತೇನ್ರಿ?" ನಡೆಯುತ್ತದೆ ಎಂದೆ. ಎಷ್ಟು ಬಿಡಬೇಕು ಎಂದು ಕೇಳಿದರು. ಬೈಬಲ್ಲಿನಲ್ಲಿ ಲೆಕ್ಕ ಇಲ್ಲ, ನಿಮ್ಮ ಮನಸ್ಸು ಎಂದೆ. ಆಮೇಲೆ ಸ್ವಲ್ಪ ಹಿಂದೆ ಮುಂದೆ ನೋಡಿ ಕೇಳಿದರು, ಆಯಾಕ ಬರೋರು ನಮ್ಮ ಸಭೆಯವರೇ ಆಗಿರಬೇಕೇನು ಎಂದು.

ನಾನು ಪುಸ್ತಕ ತೆರೆದು 19ನೇ ಅಧ್ಯಾಯದ ಹತ್ತನೇ ವಚನದ ಮೇಲೆ ಬೆರಳಿಟ್ಟು ಅವರ ಮುಂದೆ ಹಿಡಿದೆ. ಬಡವರಿಗೂ ಪರದೇಶದವರಿಗೂ ಎಂದು ಅವರೇ ದನಿಯೆತ್ತಿ ಓದಿದರು.

"ಹಂಗಾದ್ರ ಊರಾಗ ಎಲ್ಲಾರಿಗೂ ಹೇಳಿಬಿಡೂಣ್ರಿ," ಅಂದರು. "ಕಡಲಿ ಕೊಯ್ಲಿಕ್ಕ ಇನ್ನ ಭಾಳ ದಿನ ಇಲ್ಲ."